ಡಬ್ಬಿ ಮೇಲಿನ ಮಾತು ಕಾನೂನಿಗೆ ಸರಿಯಿದೆಯಾ? ಪೂರಕ ಆಹಾರ ಆರಿಸುವವರಿಗೆ ಒಂದು ಹೋಲಿಕೆ

ತುಮಕೂರಿನ ಓದುಗರೊಬ್ಬರು ಮೂರು ಡಬ್ಬಿಗಳ ಫೋಟೋ ಕಳಿಸಿದ್ದಾರೆ. "ಅಮ್ಮನಿಗೆ ಮಂಡಿ ನೋವು, ಜೊತೆಗೆ ಸುಸ್ತು. ಮೆಡಿಕಲ್ ಶಾಪಿನವರು ಒಂದು ಕೊಟ್ಟರು. ಪಕ್ಕದ ಮನೆ ಆಂಟಿ ಮನೆಮನೆಗೆ ಮಾರುವ ಪುಡಿ ತಂದುಕೊಟ್ಟರು. ಆಯುರ್ವೇದದ್ದು ಒಂದು ನಾನೇ ಆನ್‌ಲೈನಲ್ಲಿ ತರಿಸಿದೆ. ಯಾವುದು ಕೊಡಲಿ?" ಗುಬ್ಬಿಯಿಂದ ಜಿಮ್‌ಗೆ ಹೋಗುವ ಹುಡುಗನೊಬ್ಬ ಪ್ರೋಟೀನ್ ಪುಡಿ ಬಗ್ಗೆ ಕೇಳಿದ್ದಾನೆ. ಶಿರಾದ ತಾಯಿಯೊಬ್ಬರಿಗೆ ಮಗನ ಎತ್ತರದ ಚಿಂತೆ.

ಇಂಥ ಬ್ರಾಂಡ್ ತಗೊಳ್ಳಿ ಅಂತ ಹೇಳಿಬಿಟ್ಟರೆ ಇವತ್ತಿನ ಮಟ್ಟಿಗೆ ಆಯಿತು. ಮುಂದಿನ ತಿಂಗಳು ಹೊಸ ಡಬ್ಬಿ ಬರುತ್ತದೆ, ಮತ್ತೆ ಅದೇ ಪ್ರಶ್ನೆ. ಅದಕ್ಕೇ ಇಂಥ ಪೂರಕ ಆಹಾರದ (ಸಪ್ಲಿಮೆಂಟ್) ಡಬ್ಬಿಯನ್ನು ಹೇಗೆ ಓದಬೇಕು ಅನ್ನೋದನ್ನು ಮೊದಲು ಹೇಳುತ್ತೇನೆ. ನಿಮ್ಮ ಆಯ್ಕೆಗಳನ್ನು ಆಮೇಲೆ ಒಂದೊಂದಾಗಿ ನೋಡೋಣ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು, ಇದು ಆಹಾರವೋ ಔಷಧಿಯೋ. ಡಬ್ಬಿ ತಿರುಗಿಸಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಗುರುತು, ಅದರ ಜೊತೆ 14 ಅಂಕಿಯ ನಂಬರ್ ಇದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಆಹಾರ. ಮಾತ್ರೆ ರೂಪದಲ್ಲಿರಲಿ, ಕ್ಯಾಪ್ಸೂಲ್ ಆಗಿರಲಿ, ಆಹಾರವೇ. ಔಷಧಿಯಾದರೆ ತಯಾರಿಕಾ ಲೈಸೆನ್ಸ್ ನಂಬರ್ ಇರುತ್ತದೆ, ಎಫ್‌ಎಸ್‌ಎಸ್‌ಎಐ ನಂಬರ್ ಇರುವುದಿಲ್ಲ. ಆ 14 ಅಂಕಿಯಲ್ಲಿ ಮೊದಲನೆಯದು 1 ಆಗಿದ್ದರೆ ಲೈಸೆನ್ಸ್, 2 ಆಗಿದ್ದರೆ ಸಣ್ಣ ತಯಾರಕರ ನೋಂದಣಿ. ಮುಂದಿನ ಎರಡು ಅಂಕಿ 12 ಇದ್ದರೆ ಕರ್ನಾಟಕ, 00 ಇದ್ದರೆ ಕೇಂದ್ರದ ಲೈಸೆನ್ಸ್. ಈ ಪ್ರಾಧಿಕಾರದ ಫಾಸ್ಕಾಸ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತದೆ. ಆದರೆ ಈ ನಂಬರ್ ಅಂದರೆ ಸರ್ಕಾರ ಆ ಪುಡಿಯನ್ನು ಪರೀಕ್ಷೆ ಮಾಡಿ ಒಳ್ಳೆಯದು ಅಂದಿದೆ ಅಂತಲ್ಲ. ತಯಾರಕರು ಯಾರು ಅಂತ ದಾಖಲೆಯಲ್ಲಿದೆ, ಅಷ್ಟೇ. ಮಾರುವವರು ಇದನ್ನೇ "ಗವರ್ನಮೆಂಟ್ ಅಪ್ರೂವ್ಡ್" ಅಂತ ತೋರಿಸುತ್ತಾರೆ.

ಎರಡನೆಯದು, ಮುಂದೆ ದಪ್ಪ ಅಕ್ಷರದಲ್ಲಿ ಏನು ಬರೆದಿದ್ದಾರೆ ಅನ್ನೋದು. ಜಾಹೀರಾತು ಮತ್ತು ಆರೋಗ್ಯದ ಭರವಸೆಗಳ ಬಗ್ಗೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ತಂದಿತು. 2019ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಆಹಾರದ ಡಬ್ಬಿ ಮೇಲೆ ಕಾಯಿಲೆ ವಾಸಿ ಮಾಡುತ್ತದೆ, ಬರದಂತೆ ತಡೆಯುತ್ತದೆ ಅಂತ ಸುಮ್ನೆ ಬರೆಯುವ ಹಾಗಿಲ್ಲ. ಕಾಯಿಲೆಯ ಅಪಾಯ ಕಡಿಮೆ ಮಾಡುತ್ತದೆ ಎನ್ನುವ ಮಾತಿಗೆ ಒಪ್ಪಿಗೆ ಸಿಕ್ಕ ಪಟ್ಟಿಯೇ ಇದೆ. ಕ್ಯಾಲ್ಸಿಯಂಗೂ ಮೂಳೆ ಟೊಳ್ಳಾಗುವುದಕ್ಕೂ ಇರುವ ಸಂಬಂಧ ಅದರಲ್ಲೊಂದು. "ಕ್ಯಾಲ್ಸಿಯಂ ಮೂಳೆಯ ಬಲಕ್ಕೆ ಬೇಕು" ಅನ್ನಬಹುದು. "ಮಂಡಿ ಸವೆತ ವಾಸಿ" ಅನ್ನುವ ಹಾಗಿಲ್ಲ. "ವೈದ್ಯರು ಶಿಫಾರಸು ಮಾಡಿದ್ದು" ಅಂತಲೂ ಹಾಕುವ ಹಾಗಿಲ್ಲ. ಬಿಳಿ ಕೋಟಿನ ಫೋಟೋ ನೋಡಿ ನಂಬುವವರಿಗೆ ಇದು ಗೊತ್ತಿರಬೇಕು.

ಮೂರನೆಯದು, ಸಣ್ಣ ಅಕ್ಷರದಲ್ಲಿ ಇರಲೇಬೇಕಾದ ಮಾತುಗಳು. "ಹೆಲ್ತ್ ಸಪ್ಲಿಮೆಂಟ್" ಎಂಬ ಹೆಸರು, "ನಾಟ್ ಫಾರ್ ಮೆಡಿಸಿನಲ್ ಯೂಸ್" ಎಂಬ ಸಾಲು, ದಿನಕ್ಕೆ ಎಷ್ಟು ತಗೊಳ್ಳಬೇಕು, ಅದಕ್ಕಿಂತ ಜಾಸ್ತಿ ಬೇಡ ಅನ್ನುವ ಸೂಚನೆ, ಇದು ದಿನದ ಊಟಕ್ಕೆ ಬದಲಿಯಲ್ಲ, ಮಕ್ಕಳ ಕೈಗೆ ಸಿಗದಂತೆ ಇಡಿ, ಇವೆಲ್ಲ ಇರಬೇಕು. ಪ್ರತಿ ಪೋಷಕಾಂಶ ಎಷ್ಟು ಮಿಲಿಗ್ರಾಂ ಅಂತಲೂ ಬರೆದಿರಬೇಕು.

ನಾಲ್ಕನೆಯದು ಪ್ರಮಾಣ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪೂರಕ ಆಹಾರದಲ್ಲಿ ವಿಟಮಿನ್, ಖನಿಜ ಎಷ್ಟಿರಬೇಕು ಎಂಬುದನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳಿರುವ ದಿನದ ಅಗತ್ಯದ ಲೆಕ್ಕಕ್ಕೆ ಕಟ್ಟಿದ್ದಾರೆ. ಅಂದರೆ ಊಟದಲ್ಲಿ ಬಿಟ್ಟುಹೋದದ್ದನ್ನು ತುಂಬುವಷ್ಟು ಇರುತ್ತದೆ. ಕಾಯಿಲೆ ಗುಣ ಮಾಡಲು ಬೇಕಾದ ಪ್ರಮಾಣ ಸಾಮಾನ್ಯವಾಗಿ ಇದಕ್ಕಿಂತ ತುಂಬಾ ಜಾಸ್ತಿ. ನಿಯಮದ ಪ್ರಕಾರ ಮಾಡಿದ ಪುಡಿಯಲ್ಲಿ ಔಷಧಿಯಾಗುವಷ್ಟು ಸರಕೇ ಇರುವುದಿಲ್ಲ. ಔಷಧಿಯಷ್ಟು ಸರಕು ತುಂಬಿದ್ದರೆ ಅದು ನಿಯಮ ಮೀರಿದ ಪುಡಿ. ಹಾಗಾಗಿ "ಆಹಾರವೇ, ಸೈಡ್ ಎಫೆಕ್ಟ್ ಇಲ್ಲ, ಆದರೂ ಕಾಯಿಲೆ ವಾಸಿಯಾಗುತ್ತದೆ" ಅನ್ನುವ ಮಾತು ಎರಡು ಕಡೆಯಿಂದಲೂ ನಿಲ್ಲುವುದಿಲ್ಲ.

ಕೊನೆಗೆ ಬೆಲೆ. ಡಬ್ಬಿಯ ಎಂಆರ್‌ಪಿ ನೋಡಬೇಡಿ. ನಿಮಗೆ ಬೇಕಾದ ಪೋಷಕಾಂಶಕ್ಕೆ ದಿನಕ್ಕೆ ಎಷ್ಟು ಬೀಳುತ್ತದೆ ಅಂತ ನೋಡಿ.

ಮನೆಮನೆಗೆ ಬರುವ ಪುಡಿ

ಓದುಗರು ಕಳಿಸಿದ ಫೋಟೋಗಳಲ್ಲಿ ಇದನ್ನೇ ಹತ್ತಿರದಿಂದ ನೋಡೋಣ. ಡಬ್ಬಿಯ ಮುಂದೆ ಇಂಗ್ಲಿಷಿನಲ್ಲಿ ಕಂಪನಿ ಅಚ್ಚು ಹಾಕಿದ್ದು ಸಭ್ಯವಾಗಿಯೇ ಇದೆ: ಕೀಲುಗಳಿಗೆ ಬೆಂಬಲ, ಇಷ್ಟೇ. ಅದರ ಕೆಳಗೆ ಬೇರೆ ಯಾರೋ ಅಂಟಿಸಿದ ಕನ್ನಡ ಸ್ಟಿಕರ್. "ಮಂಡಿನೋವು, ಶುಗರ್, ಥೈರಾಯ್ಡ್, ಗ್ಯಾಸ್ಟ್ರಿಕ್ ಎಲ್ಲಕ್ಕೂ ರಾಮಬಾಣ." ಸ್ಟಿಕರಿನ ಒಂದು ಮೂಲೆ "ನಾಟ್ ಫಾರ್ ಮೆಡಿಸಿನಲ್ ಯೂಸ್" ಸಾಲಿನ ಅರ್ಧವನ್ನು ಮುಚ್ಚಿದೆ. ಹಿಂದೆ ಹದಿನೈದಿಪ್ಪತ್ತು ಗಿಡಮೂಲಿಕೆಗಳ ಹೆಸರು, ಎಲ್ಲ ಸೇರಿ "ಬ್ಲೆಂಡ್" ಇಷ್ಟು ಗ್ರಾಂ. ಯಾವುದು ಎಷ್ಟಿದೆ ಅಂತ ಇಲ್ಲ.

ಮಾರುವವರು ಹೇಳೋದು, "ಡಬ್ಬಿ ಮೇಲೆ ಬರೆದಿಲ್ಲ, ನಾವು ಬಾಯಲ್ಲಿ ಹೇಳೋದು" ಅಂತ. 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ಜಾಹೀರಾತು ಅಂದರೆ ಲೇಬಲ್ ಮಾತ್ರ ಅಂತಿಲ್ಲ. ಅಚ್ಚಾದದ್ದು, ಇಂಟರ್ನೆಟ್‌ನಲ್ಲಿ ಬಂದದ್ದು, ಕರಪತ್ರ, ಸುತ್ತುವ ಕಾಗದ, ಬಿಲ್ಲು ಎಲ್ಲವೂ ಸೇರುತ್ತದೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದ "ಶುಗರ್ ಮಾತ್ರೆ ಬಿಟ್ಟೆ" ಎಂಬ ವಿಡಿಯೋ ಕೂಡ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ದಾರಿ ತಪ್ಪಿಸುವ ಜಾಹೀರಾತಿಗೆ ಇದೇ ಕಾಯಿದೆಯ 53ನೇ ಸೆಕ್ಷನ್ನಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ತಪ್ಪು ಲೇಬಲ್ಲಿಗೆ 52ನೇ ಸೆಕ್ಷನ್, 3 ಲಕ್ಷದವರೆಗೆ.

ಇದರಲ್ಲಿ ಒಳ್ಳೆಯದು ಅಂತ ಹೇಳೋಕೆ ನಂಬಿಕೆಯ ಪರಿಚಯಸ್ಥರು ಮನೆಗೆ ತಂದುಕೊಡುತ್ತಾರೆ ಅನ್ನೋದೊಂದೇ. ಆ ನಂಬಿಕೆಯ ಬೆಲೆಯೂ ಡಬ್ಬಿಯಲ್ಲಿ ಸೇರಿರುತ್ತದೆ. ಮಾರಾಟದ ಸರಪಳಿಯಲ್ಲಿ ಮೇಲಿರುವವರಿಗೆಲ್ಲ ಕಮಿಷನ್ ಹೋಗಬೇಕಲ್ಲ. ಪಕ್ಕದ ಮನೆಯವರ ಮನಸ್ಸು ನೋಯಿಸದೆ ಬೇಡ ಅನ್ನಲು ದಾರಿ ಬೇಕಿದ್ದರೆ, ಯಾವ ಮೂಲಿಕೆ ಎಷ್ಟು ಮಿಲಿಗ್ರಾಂ ಇದೆ ಅಂತ ಕಂಪನಿಯಿಂದ ಬರೆಸಿಕೊಡಿ ಎಂದು ಕೇಳಿ. ಮಾತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಮಂಡಿ ನೋವಿನ ವಿಷಯದಲ್ಲಿ ನಮ್ಮ ಕಡೆಯವರು ಇನ್ನೊಂದು ಮಾತು ಯೋಚಿಸಬೇಕು. ಪಾವಗಡ, ಶಿರಾ, ಆಚೆ ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಮಾನಕ ಇದೆ. ವರ್ಷಗಟ್ಟಲೆ ಇದಕ್ಕಿಂತ ಜಾಸ್ತಿ ಕುಡಿದರೆ ಹಲ್ಲು ಕಂದು ಬಣ್ಣವಾಗುತ್ತದೆ, ಕೀಲು ಬಿಗಿಯುತ್ತದೆ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೀಲುನೋವು, ಮಕ್ಕಳ ಹಲ್ಲಿನಲ್ಲಿ ಕಲೆ ಇದ್ದರೆ ಪುಡಿಗೆ ಕೊಡುವ ದುಡ್ಡಿನಲ್ಲಿ ಮೊದಲು ನೀರು ಪರೀಕ್ಷೆ ಮಾಡಿಸಿ. ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ. ಕುಡಿಯುವ ನೀರೇ ಕಾರಣವಾಗಿದ್ದರೆ ಯಾವ ಡಬ್ಬಿಯೂ ಅದನ್ನು ಸರಿ ಮಾಡುವುದಿಲ್ಲ.

ಮೆಡಿಕಲ್ ಶಾಪಿನ ಮಾತ್ರೆ

ಇಲ್ಲಿ ಗೊಂದಲ ಬೇರೆ ಥರದ್ದು. ಒಂದೇ ಅಂಗಡಿಯಲ್ಲಿ, ಒಂದೇ ಕಪಾಟಿನಲ್ಲಿ, ಒಂದೇ ಥರದ ಸ್ಟ್ರಿಪ್‌ನಲ್ಲಿ ಎರಡು ಜಾತಿಯ ಮಾತ್ರೆಗಳಿರುತ್ತವೆ. ವಿಟಮಿನ್ ಡಿ ತಗೊಳ್ಳಿ. ದಿನದ ಅಗತ್ಯ 600 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ). ಔಷಧಿಯಾಗಿ ಬರುವ ದೊಡ್ಡ ಡೋಸ್ 60,000 ಐಯು, ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಮಾತ್ರ. ಅದನ್ನು ಟಾನಿಕ್ ಥರ ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಡಿ ವಿಟಮಿನ್ ದೇಹದಲ್ಲಿ ಶೇಖರವಾಗುತ್ತದೆ, ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ. ಡಾಕ್ಟರ್ ಬರೆದುಕೊಟ್ಟರೆ ಔಷಧಿಯದ್ದು, ಅವರು ಹೇಳಿದಷ್ಟೇ ದಿನ. ಸುಮ್ನೆ ಇರಲಿ ಅಂತ ತಗೊಳ್ಳುವುದಾದರೆ ಆಹಾರದ ನಂಬರ್ ಇರುವ ಸಣ್ಣ ಪ್ರಮಾಣದ್ದು.

ಬೆಲೆಯಲ್ಲೂ ವ್ಯತ್ಯಾಸ ಇದೆ. ಔಷಧಿಗಳ ಬೆಲೆ ಮೇಲೆ ಸರ್ಕಾರದ ಹಿಡಿತ ಇದೆ. ಪೂರಕ ಆಹಾರದ ಮೇಲೆ ಆ ಹಿಡಿತ ಇಲ್ಲ, ಕಂಪನಿ ಹಾಕಿದ್ದೇ ಬೆಲೆ. ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಗೆ ಬದಲು "ಇದೂ ಅದೇ" ಅಂತ ಬೇರೆ ಸ್ಟ್ರಿಪ್ ಕೊಟ್ಟರೆ ಹಿಂದೆ ತಿರುಗಿಸಿ ನಂಬರ್ ನೋಡಿ, ಕ್ಯಾಲ್ಸಿಯಂ ಎಷ್ಟು ಮಿಲಿಗ್ರಾಂ ನೋಡಿ. ಜನೌಷಧಿ ಕೇಂದ್ರ ಹತ್ತಿರವಿದ್ದರೆ ಅಲ್ಲಿ ಒಮ್ಮೆ ಕೇಳಿ, ಕ್ಯಾಲ್ಸಿಯಂನಂಥ ಮಾಮೂಲಿ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ.

ವಯಸ್ಸಾದವರಿಗೆ ಕೊಡುವಾಗ ಬೇರೆ ಮಾತ್ರೆಗಳ ಜೊತೆ ಹೊಂದುತ್ತದಾ ಅಂತಲೂ ನೋಡಬೇಕು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನೂ ಒಟ್ಟಿಗೆ ಬೇಡ. ವರ್ಷಗಳಿಂದ ಮೆಟ್ಫಾರ್ಮಿನ್ ತಗೊಳ್ಳುತ್ತಿರುವ ಶುಗರ್ ರೋಗಿಗಳಲ್ಲಿ ಬಿ12 ಕಡಿಮೆಯಾಗುವುದುಂಟು. ಅವರ ಸುಸ್ತಿಗೆ ಮಲ್ಟಿವಿಟಮಿನ್ ಕೊಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸೋದು ಒಳ್ಳೆಯದು.

ದುಡ್ಡಿಲ್ಲದೆ ಸಿಗುವ ಮಾತ್ರೆ

ಹೆಂಗಸರ ಸುಸ್ತಿಗೆ ರಕ್ತಹೀನತೆ ದೊಡ್ಡ ಕಾರಣ. ಆನ್‌ಲೈನಲ್ಲಿ ಬಣ್ಣಬಣ್ಣದ ಐರನ್ ಗಮ್ಮಿಗಳು, ಅಂದರೆ ಜಗಿಯುವ ಮಿಠಾಯಿ ಥರದವು, ಬಂದಿವೆ. ಹಣ್ಣಿನ ರುಚಿ, ಚೆಂದದ ಡಬ್ಬಿ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಐಸಿಎಂಆರ್ 2020ರ ಲೆಕ್ಕ. ಗಮ್ಮಿಯಲ್ಲಿ ಎಷ್ಟಿದೆ ಅಂತ ಓದಿ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಕೆಂಪು ಮಾತ್ರೆ ಜೊತೆ ಹೋಲಿಸಿ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಗರ್ಭಿಣಿಯರಿಗೆ 180 ದಿನ ದಿನಕ್ಕೊಂದು, ಹೆರಿಗೆ ಆದಮೇಲೂ ಮತ್ತೆ 180 ದಿನ ಹಾಗೇ, ಹೆರುವ ವಯಸ್ಸಿನ ಉಳಿದ ಹೆಂಗಸರಿಗೆ ವಾರಕ್ಕೊಂದು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮನೆ ಬಾಗಿಲಿಗೇ ಬರುತ್ತದೆ.

ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಲಬದ್ಧತೆ ಆಗುತ್ತದೆ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಆ ಕಷ್ಟ ನಿಜ. ಊಟ ಆದಮೇಲೆ, ರಾತ್ರಿ ಮಲಗುವ ಮುಂಚೆ ತಗೊಂಡು ನೋಡಿ. ಕಾಫಿ, ಟೀ ಜೊತೆ ಬೇಡ. ನಿಂಬೆಹಣ್ಣಿನ ಪಾನಕ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಅಷ್ಟಾದರೂ ಆಗದಿದ್ದರೆ ಡಾಕ್ಟರ್ ಬೇರೆ ಥರದ ಕಬ್ಬಿಣದ ಮಾತ್ರೆ ಬರೆಯುತ್ತಾರೆ. ಹಿಮೋಗ್ಲೋಬಿನ್ ಕಡಿಮೆ ಅಂತ ಗೊತ್ತಾದ ಮೇಲೂ ಗಮ್ಮಿ ನೆಚ್ಚಿಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ.

ಆಯುರ್ವೇದದ ಹೆಸರಿನದ್ದು

ಇದರಲ್ಲೂ ಎರಡು. ಆಯುರ್ವೇದ ಔಷಧಿಗೆ ಔಷಧಿ ಕಾಯಿದೆಯ ಕೆಳಗೆ ಬೇರೆ ಲೈಸೆನ್ಸ್. ಇನ್ನೊಂದು "ಆಯುರ್ವೇದ ಆಹಾರ", ಇದಕ್ಕೆ 2022ರಲ್ಲಿ ಎಫ್‌ಎಸ್‌ಎಸ್‌ಎಐ ಪ್ರತ್ಯೇಕ ನಿಯಮ, ಪ್ರತ್ಯೇಕ ಲಾಂಛನ ಕೊಟ್ಟಿತು. ಇದು ಊಟದ ಭಾಗವಾಗಿ ತಿನ್ನೋಕೆ ಮಾತ್ರ ಅಂತ ಡಬ್ಬಿಯಲ್ಲೇ ಬರೆದಿರಬೇಕು.

ಔಷಧಿ ಲೈಸೆನ್ಸ್ ಇದ್ದಮಾತ್ರಕ್ಕೆ ಏನು ಬೇಕಾದರೂ ಹೇಳಬಹುದು ಅಂತಿಲ್ಲ. 1954ರಷ್ಟು ಹಿಂದೆಯೇ ಬಂದ ಮಾಂತ್ರಿಕ ಪರಿಹಾರಗಳ ಜಾಹೀರಾತು ತಡೆ ಕಾಯಿದೆಯಲ್ಲಿ ಒಂದು ಪಟ್ಟಿ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಬೊಜ್ಜು, ದೇಹದ ಎತ್ತರ ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವ ಹಾಗಿಲ್ಲ, ಅಲೋಪತಿಯಾಗಲಿ ಆಯುರ್ವೇದವಾಗಲಿ. 2024ರಲ್ಲಿ ಪತಂಜಲಿ ಜಾಹೀರಾತಿನ ವಿಷಯ ಸುಪ್ರೀಂ ಕೋರ್ಟಿನಲ್ಲಿ ಪತ್ರಿಕೆಗಳಲ್ಲಿ ಕ್ಷಮೆ ಕೇಳುವವರೆಗೆ ಹೋಗಿದ್ದು ನೆನಪಿರಬಹುದು.

ಆಯುರ್ವೇದ ಬೇಕು ಅನ್ನುವವರು ಓದಿದ ವೈದ್ಯರ ಹತ್ತಿರ ಹೋಗಿ ತೋರಿಸಿ ತಗೊಳ್ಳಿ. ತಾಲ್ಲೂಕು ಮಟ್ಟದಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆಗಳೂ ಇವೆ. ಆನ್‌ಲೈನಲ್ಲಿ ಡಬ್ಬಿ ನೋಡಿ ತರಿಸುವುದು ಈ ಪದ್ಧತಿಗೂ ನ್ಯಾಯವಲ್ಲ. ಅದು ರೋಗಿಯನ್ನು ನೋಡಿ ಮದ್ದು ಕೊಡುವ ಪದ್ಧತಿ.

ಪ್ರೋಟೀನ್ ಪುಡಿ: ಲೆಕ್ಕ ಹಾಕಿ ಕೊಳ್ಳಿ

ಗುಬ್ಬಿಯ ಹುಡುಗನಿಗೆ ಇದು. ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕೆಜಿ ಇರುವವನಿಗೆ 54 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಆದರೂ 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸೋಕೆ ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿದ್ದಾರೆ.

ದುಡ್ಡಿನ ಲೆಕ್ಕ ನೋಡು. ಒಂದು ಕೆಜಿ ಡಬ್ಬಿ 2,400 ರೂಪಾಯಿ, 30 ಗ್ರಾಂ ಪುಡಿಗೆ 24 ಗ್ರಾಂ ಪ್ರೋಟೀನ್ ಅಂತ ಇಟ್ಟುಕೊ. ಡಬ್ಬಿಯಲ್ಲಿ ಒಟ್ಟು 800 ಗ್ರಾಂ ಪ್ರೋಟೀನ್, ಗ್ರಾಮಿಗೆ 3 ರೂಪಾಯಿ. ಹುರುಳಿಕಾಳಿನಲ್ಲಿ 100 ಗ್ರಾಮಿಗೆ ಸುಮಾರು 21 ಗ್ರಾಂ ಪ್ರೋಟೀನ್. ಕೆಜಿಗೆ 100 ರೂಪಾಯಿ ಹಿಡಿದರೆ ಗ್ರಾಮಿಗೆ ಐವತ್ತು ಪೈಸೆಯೂ ಇಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 7 ರೂಪಾಯಿ ಅಂದರೂ ಗ್ರಾಮಿಗೆ ಒಂದು ರೂಪಾಯಿ ಚಿಲ್ಲರೆ. ಪಾವಗಡ, ಶಿರಾ ಕಡೆ ಬೆಳೆಯುವ ಕಡಲೆಕಾಯಿ ಬೀಜದಲ್ಲಿ 100 ಗ್ರಾಮಿಗೆ 23 ಗ್ರಾಂ. ಘನ ಆಹಾರಕ್ಕೆ "ಹೈ ಪ್ರೋಟೀನ್" ಅಂತ ಬರೆಯಲು ನಿಯಮದ ಪ್ರಕಾರ 100 ಗ್ರಾಮಿಗೆ ದಿನದ ಅಗತ್ಯದ ನೂರಕ್ಕೆ 20, ಅಂದರೆ 11 ಗ್ರಾಂ ಹತ್ತಿರ ಇದ್ದರೆ ಸಾಕು. ಕಡಲೆಕಾಯಿ ಮೂಟೆ ಮೇಲೂ ಹಾಗೆ ಬರೆಯಬಹುದು.

ಪುಡಿಯ ಪರವಾಗಿಯೂ ಹೇಳಬೇಕು. ಹುರುಳಿಯಿಂದಲೇ 50 ಗ್ರಾಂ ಬೇಕು ಅಂದರೆ ಕಾಲು ಕೆಜಿ ಕಾಳು ಬೇಯಿಸಿ ತಿನ್ನಬೇಕು, ಅದು ಆಗುವ ಮಾತಲ್ಲ. ಹಾಲಿನ ವೇ ಪ್ರೋಟೀನ್ ಬೇಗ ಅರಗುತ್ತದೆ. ಹಾಸಿಗೆ ಹಿಡಿದವರಿಗೆ, ಊಟ ಸೇರದ ವಯಸ್ಸಾದವರಿಗೆ, ಡಾಕ್ಟರ್ ಹೇಳಿದರೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳದೆ ಮುಟ್ಟಬಾರದು.

ಲೇಬಲ್ ವಿಷಯಕ್ಕೆ ಬಂದರೆ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದರು. ನೂರಕ್ಕೆ 70ರ ಹತ್ತಿರ ಪುಡಿಗಳ ಪ್ರೋಟೀನ್ ಮಾಹಿತಿ ಲೇಬಲ್ ಜೊತೆ ತಾಳೆಯಾಗಲಿಲ್ಲ. ಮೋಸ ಹೇಗೆ ನಡೆಯುತ್ತದೆ ಅಂದರೆ, ಮಾಮೂಲಿ ಪರೀಕ್ಷೆಯಲ್ಲಿ ನೈಟ್ರೋಜನ್ ಅಳೆದು ಪ್ರೋಟೀನ್ ಲೆಕ್ಕ ಹಾಕುತ್ತಾರೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಅಮೈನೋ ಆಸಿಡ್ ಬೆರೆಸಿದರೂ ನೈಟ್ರೋಜನ್ ಏರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇವು ಪ್ರತ್ಯೇಕವಾಗಿ ಕಂಡರೆ ಆ ಡಬ್ಬಿ ಬಿಡು. ಪಟ್ಟಿ ಚಿಕ್ಕದಿದ್ದು, ಸುವಾಸನೆ ಇಲ್ಲದ ಸಾದಾ ಪುಡಿಯಾದರೆ ಬಚ್ಚಿಡೋಕೆ ಜಾಗ ಕಡಿಮೆ.

ಮಕ್ಕಳ "ಹೆಲ್ತ್ ಡ್ರಿಂಕ್" ಮತ್ತು ನಮ್ಮ ರಾಗಿ ಮಾಲ್ಟ್

ಆಹಾರ ಕಾಯಿದೆಯಲ್ಲಿ "ಹೆಲ್ತ್ ಡ್ರಿಂಕ್" ಅನ್ನುವ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಅಂಗಡಿಗಳಿಗೆ ಮಾಲ್ಟ್, ಹಾಲು, ಧಾನ್ಯದ ಪಾನೀಯಗಳನ್ನು ಆ ಹೆಸರಿನ ಕೆಳಗೆ ಇಡಬೇಡಿ ಅಂತ ಹೇಳಿತು. ಶಿರಾದ ತಾಯಿಯವರೇ, ಎತ್ತರ ಬಹುಪಾಲು ಅಪ್ಪ ಅಮ್ಮನಿಂದ ಬರುವುದು, ಉಳಿದದ್ದು ಒಟ್ಟಾರೆ ಊಟ, ನಿದ್ದೆ, ಆಟ. ಡಬ್ಬಿ ಕೊಳ್ಳಲೇಬೇಕು ಅನ್ನಿಸಿದರೆ 100 ಗ್ರಾಮಿಗೆ ಸೇರಿಸಿದ ಸಕ್ಕರೆ ಎಷ್ಟು ಅಂತ ಮೊದಲು ಓದಿ. ಸಕ್ಕರೆ ಕಡಿಮೆ ಅಂತ ಹೇಳಿಕೊಳ್ಳಲು 100 ಗ್ರಾಮಿಗೆ 5 ಗ್ರಾಂ ಮೀರಬಾರದು.

ಹುರಿಹಿಟ್ಟು, ಮೊಳಕೆ ರಾಗಿ ಮಾಲ್ಟ್ ಇದಕ್ಕಿಂತ ಅಗ್ಗ. ರಾಗಿಯಲ್ಲಿ 100 ಗ್ರಾಮಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಒಂದು ಲೋಟಕ್ಕೆ ಹಾಕೋದು 30 ಗ್ರಾಂ, ಸಿಗೋದು ಸುಮಾರು 110 ಮಿಲಿಗ್ರಾಂ. ಹಾಲು ಬೆರೆಸಿದರೆ ಒಳ್ಳೆಯದು. ಸ್ತ್ರೀಶಕ್ತಿ ಸಂಘದವರು ಪ್ಯಾಕ್ ಮಾಡಿ ಮಾರುವುದಕ್ಕೂ 14 ಅಂಕಿಯ ನಂಬರ್ ಬೇಕು, ತಯಾರಿಸಿದ ದಿನ ಬೇಕು. "ಸಿರಿಧಾನ್ಯ ಮಾಲ್ಟ್, ಶುಗರ್‌ಗೆ ಮದ್ದು" ಅಂತ ಅವರು ಬರೆದರೂ ಅದು ಅದೇ ತಪ್ಪು. ನಮ್ಮೂರಿನವರು ಅಂತ ಬಿಡದೆ ಪ್ರೀತಿಯಿಂದಲೇ ಹೇಳಿ, ಲೇಬಲ್ ಬದಲಾಯಿಸೋಕೆ ಹೆಚ್ಚು ಖರ್ಚಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕಂತೂ ಜಾಹೀರಾತು ಕೊಡುವುದೇ 1992ರ ಕಾಯಿದೆ ಪ್ರಕಾರ ನಿಷೇಧ.

ಹಾಗಾದರೆ ಯಾರಿಗೆ ಯಾವುದು

ಮೂರು ಡಬ್ಬಿಯ ಅಮ್ಮನಿಗೆ: ಸ್ಟಿಕರಿನ ಪುಡಿ ಬೇಡ. ಆನ್‌ಲೈನ್ ಡಬ್ಬಿಯನ್ನು ವೈದ್ಯರಿಗೆ ತೋರಿಸುವವರೆಗೆ ಎತ್ತಿಡಿ. ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ಪರೀಕ್ಷೆ ಆದಮೇಲೆ ಕೊರತೆ ಕಂಡರೆ ಬರೆದುಕೊಟ್ಟ ಔಷಧಿ. ಎಲ್ಲ ಸರಿಯಿದ್ದು ಊಟ ಮಾತ್ರ ಕಡಿಮೆ ಅಂದರೆ ಮೆಡಿಕಲ್ ಶಾಪಿನ ಸಾದಾ ಕ್ಯಾಲ್ಸಿಯಂ, ಡಿ ಇರುವುದು ಸಾಕು. ತಿಂಗಳಿಗೆ ನೂರಿನ್ನೂರು ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಲು ಆಗದವರು ಆರೋಗ್ಯ ಕೇಂದ್ರದ ಮಾತ್ರೆ, ಹಾಲು, ಕಾಳು ಇವಿಷ್ಟರಲ್ಲೇ ಇರಿ. ಶುದ್ಧ ಸಸ್ಯಾಹಾರಿಗಳು ಕ್ಯಾಪ್ಸೂಲ್ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ, ಜೆಲಾಟಿನ್ ಇದ್ದರೆ ಕಂದು ತ್ರಿಕೋನ ಇರುತ್ತದೆ.

ನಿಯಮ ಮೀರಿದ ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಡಿ. ಬಿಲ್ಲು, ಕರಪತ್ರ, ಡಬ್ಬಿಯ ನಾಲ್ಕೂ ಕಡೆಯ ಫೋಟೋ, ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಬಹುದು, ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100, ಗ್ರಾಹಕರ ಸಹಾಯವಾಣಿ 1915. ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಕಾಯಿದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಮಾದರಿಯನ್ನು ಪರೀಕ್ಷೆ ಮಾಡಿಸಬಹುದು. ದುಡ್ಡು ವಾಪಸ್ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಬಿಲ್ಲಿಲ್ಲದೆ ಇದ್ಯಾವುದೂ ಸಲೀಸಾಗುವುದಿಲ್ಲ, ಅದಕ್ಕೇ ಮನೆ ಬಾಗಿಲಲ್ಲಿ ಕೊಳ್ಳುವಾಗಲೂ ಬಿಲ್ಲು ಕೇಳಿ ಪಡೆಯಿರಿ.